ಕಲ್ಲು ಮಣ್ಣಾಗುವ ಬಗೆ

ಕಲ್ಲು ಎಂಬ ಮಾತು ನಮ್ಮ ಭಾಷೆಯಲ್ಲಿ ಸ್ಥಿರತೆಗೆ ಪರ್ಯಾಯಪದದಂತೆ ನಡೆದುಬಂದಿದೆ. ಕೊಟ್ಟ ಮಾತು ಕೆಡದೆ ನಿಲ್ಲಬೇಕಾದರೆ ಅದನ್ನು ಶಿಲೆಯಲ್ಲಿ ಕೊರೆಯಿಸಬೇಕೆಂದು ನಮ್ಮ ಹಿಂದಿನ ಅರಸರು ಬಗೆದರು. ದಾನಶಾಸನಗಳ ಕೊನೆಗೆ, ಚಂದ್ರಸೂರ್ಯರಿರುವವರೆಗೂ ಇದು ನಡೆದು ಬರತಕ್ಕದ್ದೆಂದು ಸೇರಿಸಿದರು. ಮಣ್ಣು ಎಂಬ ಮಾತಾದರೋ ಇದಕ್ಕೆ ತೀರ ಎದುರಾದ ಅರ್ಥದಲ್ಲಿ ಬಳಕೆಯಾಗುತ್ತದೆ. ಹಿಡಿದ ಕೆಲಸ ಕೆಟ್ಟರೆ ಮಣ್ಣಾಯಿತು ಎನ್ನುತ್ತೇವೆ. ಹಣ ವ್ಯರ್ಥವಾದರೆ ಮಣ್ಣುಪಾಲಾಯಿತು ಎನ್ನುತ್ತೇವೆ. ಹೀಗೆ ಒಂದನ್ನು ನಿತ್ಯವೆಂದೂ ಮತ್ತೊಂದನ್ನು ನಾಶವೆಂದೂ ಎಣಿಸಿರುವ ನಮಗೆ, ಇವೆರಡೂ ಒಂದೇ ವಸ್ತುವಿನ ಎರಡು ಕಾಲದ ರೂಪಗಳೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಇಂದು ಹೊಲದಲ್ಲಿರುವ ಮಣ್ಣು ಒಂದಾನೊಂದು ಕಾಲಕ್ಕೆ ಬಂಡೆಯಾಗಿತ್ತು. ಇಂದು ಬಂಡೆಯಾಗಿರುವುದು ಮುಂದೆ ಮಣ್ಣಾಗತಕ್ಕದ್ದು. ಈ ಮಾರ್ಪಾಟು ಹೇಗೆ ನಡೆಯುತ್ತದೆ, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಅದರಿಂದ ನಮಗೇನು ಎಂಬ ಮೂರು ಪ್ರಶ್ನೆಗಳನ್ನು ನಾವು ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ನಮ್ಮ ಕಾಲಡಿಯ ಕಲ್ಲು ಎಂಥದೆಂಬುದನ್ನು ತಿಳಿಯಬೇಕು. ಹಳೆಯ ಮೈಸೂರು ಸೀಮೆಯ ಬಹುಭಾಗದ ಅಡಿಪಾಯವಾಗಿರುವುದು ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆ ಈ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ನೈಸನ್ನು ಭೇದಿಸಿಕೊಂಡು ಆಮೇಲೆ ಮೇಲೆದ್ದುದು ಕಣಶಿಲೆ, ಅಂದರೆ ಗ್ರಾನೈಟು. ರಾಮನಗರದ ಬೆಟ್ಟಗಳೂ ಸಾವನದುರ್ಗವೂ ಬಡಗಲಿಗೆ ಹಂಪೆಯ ಗುಡ್ಡಗಳೂ ಈ ಕಣಶಿಲೆಯ ಒಂದೇ ಉದ್ದನೆಯ ಪಟ್ಟಿಗೆ ಸೇರಿದವು. ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇದನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಕಲ್ಲಿನ ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಏಕವಸ್ತುವಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಹರಳುಗಳುಂಟು. ಗಾಜಿನಂತೆ ಮಂಜುಮಂಜಾಗಿ ಕಾಣುವುದು ಬೆಣಚು. ಬಿಳಿಯದೋ ನಸುಗೆಂಪೋ ಆಗಿದ್ದು, ಮುರಿದರೆ ಚಪ್ಪಟೆಯಾದ ಮುಖ ತೋರುವುದು ಫೆಲ್ಡ್‌ಸ್ಪಾರ್. ಕಪ್ಪಾಗಿ ಹೊಳೆಯುವ ರೇಕುಗಳು ನಮ್ಮ ಜನ ಕಾಗೆಬಂಗಾರವೆಂದು ಕರೆಯುವ ಅಭ್ರಕದ ಒಂದು ಜಾತಿ. ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುವುದೇ ಕಣಶಿಲೆಯ ಬಲ. ಆದರೆ ಮೂರರ ಸ್ವಭಾವ ಮೂರು ತೆರನಾದುದು. ಕಲ್ಲಿನ ಕೇಡು ಮೊದಲಾಗುವುದು ಇಲ್ಲಿಂದಲೇ.

ಇಂಥ ಗಟ್ಟಿಯಾದ ಪದಾರ್ಥವನ್ನು ಒಡೆಯುವವರು ಯಾರು? ಯಾರನ್ನು ಕೇಳಿದರೂ ಬಿಸಿಲೆಂದೇ ಉತ್ತರ ಬರುವುದು ಸಹಜ. ಹಗಲು ಕಾದು ಹಿಗ್ಗುವ ಬಂಡೆ ರಾತ್ರಿ ತಣಿದು ಕುಗ್ಗುತ್ತದೆ; ದಿನದಿನವೂ ಹೀಗಾದರೆ ಒಡೆಯದೆ ಏನಾದೀತು? ಪಂಡಿತರೂ ಬಹುಕಾಲ ಹೀಗೆಯೇ ನಂಬಿದ್ದರು. 1936ರಲ್ಲಿ ಅಮೆರಿಕದ ಡೇವಿಡ್ ಗ್ರಿಗ್ಸ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ ನೋಡಿದ. ನುಣುಪು ಮಾಡಿದ ಕಣಶಿಲೆಯ ತುಣುಕೊಂದನ್ನು ವಿದ್ಯುತ್ತಿನಿಂದ ಕಾಯಿಸುವುದು, ಗಾಳಿ ಬೀಸಿ ತಣಿಸುವುದು. ಹೀಗೆ 89,400 ಸಲ ಮಾಡಿದ. ದಿನಕ್ಕೊಂದು ಸಲವೆಂದು ಎಣಿಸಿದರೆ ಇದು 244 ವರ್ಷಗಳ ಬಿಸಿಲಿಗೆ ಸಮ. ಆದರೂ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಲ್ಲಿನಲ್ಲಿ ಯಾವ ಮಾರ್ಪಾಟೂ ಕಾಣಲಿಲ್ಲ. ಆಮೇಲೆ ಗಾಳಿಗೆ ಬದಲಾಗಿ ನೀರನ್ನು ಚಿಮುಕಿಸಿ ತಣಿಸತೊಡಗಿದ. ಎರಡೂವರೆ ವರ್ಷಗಳಿಗೆ ಸಮವಾದಷ್ಟು ಸಲ ಮಾಡುವಷ್ಟರಲ್ಲಿಯೇ ಕಲ್ಲಿನ ಹೊಳಪು ಮಾಸಿ ಮೈಯಲ್ಲಿ ಬಿರುಕುಗಳು ತೋರಿದವು.

ಇದರಿಂದ ಬಿಸಿಲು ತೀರ ನಿರಪರಾಧಿಯೆಂದು ಹೇಳುವಂತಿಲ್ಲ. ಗ್ರಿಗ್ಸನ ತುಣುಕು ಸಣ್ಣದು. ಬಯಲಿನ ಬಂಡೆ ದೊಡ್ಡದು, ಸುತ್ತಲೂ ಬಿಗಿಯಲ್ಪಟ್ಟದ್ದು. ಅಂಥ ಬಂಡೆಯ ಮೈಯಲ್ಲಿ ಮೊದಲೇ ಇರುವ ಬಿರುಕನ್ನು ಬಿಸಿಲು ಮುಂದಕ್ಕೆ ಬೆಳೆಸಬಲ್ಲದೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ನಮ್ಮ ಕಲ್ಲುಕುಟಿಗರು ಇದನ್ನು ಶಾಸ್ತ್ರವಿಲ್ಲದೆಯೇ ಬಲ್ಲರು. ಬೆಂಗಳೂರಿನ ಸುತ್ತಮುತ್ತ ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹಾಕಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಅಡಿಯಿಂದ ಚಪ್ಪಡಿ ಬಿಟ್ಟುಕೊಳ್ಳುವಂತೆ ಮಾಡುವ ವಿದ್ಯೆ ಅವರಲ್ಲಿ ತಲೆತಲಾಂತರದಿಂದ ನಡೆದುಬಂದಿತ್ತು. ಆದರೆ ಈ ಕಾರ್ಯದಲ್ಲಿ ಬೆಂಕಿಗೆ ನೆರವಾಗುವ ಮತ್ತೊಂದು ಕಾರಣವೂ ಉಂಟು. ಕಣಶಿಲೆ ಹುಟ್ಟಿದ್ದು ನೆಲದಡಿಯಲ್ಲಿ ಬಹು ಆಳದಲ್ಲಿ, ಮೇಲಿನ ಬೆಟ್ಟಗಳ ಭಾರದ ಕೆಳಗೆ. ಮೇಲಿನ ಭಾರವು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ, ಒತ್ತಿ ಹಿಡಿದಿದ್ದ ಹತ್ತಿ ಬಿಟ್ಟಾಗ ಉಬ್ಬುವಂತೆ, ಕಲ್ಲೂ ತುಸು ಉಬ್ಬುತ್ತದೆ. ಹಾಗೆ ಉಬ್ಬುವಾಗ ಹೊರಮೈಗೆ ಸಮಾನಾಂತರವಾಗಿ ಪದರಪದರವಾಗಿ ಬಿಡುತ್ತದೆ. ಸಾವನದುರ್ಗದ ಇಳಿಜಾರಿನಲ್ಲಿ ಈರುಳ್ಳಿಯ ಸಿಪ್ಪೆಯಂತೆ ಎದ್ದಿರುವ ಹಾಸುಗಳೆಲ್ಲ ಹೀಗಾದವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ; ಹತ್ತಿರ ಹೋದರೆ ಅದು ಬಿರಿದ ಬೆಟ್ಟ.

ಚಳಿದೇಶಗಳಲ್ಲಿ ಬರೆದ ಪಠ್ಯಪುಸ್ತಕಗಳು ಹಿಮಕ್ಕೆ ಅಗ್ರಸ್ಥಾನ ಕೊಡುತ್ತವೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಬಿರುಕಿನಲ್ಲಿ ನಿಂತ ನೀರು ಬೆಣೆಯಂತೆ ಕಲ್ಲನ್ನು ಸೀಳುತ್ತದೆ. ಹಿಮಾಲಯದ ಮಟ್ಟಿಗೆ ಇದು ಸರಿ; ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲ. ಇಲ್ಲಿ ನೀರು ಮಾಡುವ ಕೆಲಸ ಬೇರೆ; ಅದು ಇನ್ನೂ ಮೌನವಾದುದು, ಇನ್ನೂ ಆಳವಾದುದು.

ಮಳೆಯ ನೀರು ಶುದ್ಧಜಲವಲ್ಲ. ಗಾಳಿಯಲ್ಲಿ ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿನಷ್ಟು ಇಂಗಾಲಾಮ್ಲ ವಾಯು ಇದೆ. ಮಳೆ ಬೀಳುತ್ತ ಅದನ್ನು ಕರಗಿಸಿಕೊಂಡು ಬಹು ದುರ್ಬಲವಾದ ಹುಳಿಯಾಗುತ್ತದೆ. ನಾಲಗೆಗೆ ತಿಳಿಯದ ಈ ಹುಳಿಯು ಫೆಲ್ಡ್‌ಸ್ಪಾರಿಗೆ ಚೆನ್ನಾಗಿ ತಿಳಿಯುತ್ತದೆ. ಅದರೊಳಗಿನ ಸೋಡ, ಪೊಟ್ಯಾಷ್, ಸುಣ್ಣ ಇವುಗಳನ್ನು ನೀರು ಒಂದೊಂದಾಗಿ ಬಿಡಿಸಿಕೊಂಡು ಹೋಗುತ್ತದೆ. ಉಳಿದದ್ದು ಮೆತ್ತನೆಯ ಜೇಡಿ. ಕಾಗೆಬಂಗಾರದಲ್ಲಿರುವ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹಳೆಯ ಮೊಳೆಯ ಮೇಲೆ ಕಾಣುವ ಬಣ್ಣವೇ ನಮ್ಮ ಕೆಮ್ಮಣ್ಣಿನ ಬಣ್ಣ. ಬೆಣಚು ಮಾತ್ರ ಬಗ್ಗದೆ ಹಾಗೆಯೇ ಉಳಿದು, ಜತೆಗಾರರು ಬಿಟ್ಟುಹೋದಮೇಲೆ ಉದುರಿ, ಹೊಳೆಯ ಮರಳಾಗುತ್ತದೆ. ಕಾವೇರಿಯ ಮರಳೂ ಹೊಲದ ಜೇಡಿಯೂ ಕೆಮ್ಮಣ್ಣಿನ ಕೆಂಪೂ ಹೀಗೆ ಒಂದೇ ಕಲ್ಲಿನ ಮಕ್ಕಳು. ಯಾವ ಖನಿಜ ಮೊದಲು ಕೆಡುತ್ತದೆ, ಯಾವುದು ಕೊನೆಗೆ ಎಂಬುದಕ್ಕೆ ಒಂದು ಕ್ರಮವುಂಟೆಂದು 1938ರಲ್ಲಿ ಸ್ಯಾಮ್ಯುಯಲ್ ಗೋಲ್ಡಿಚ್ ಎಂಬ ವಿದ್ವಾಂಸ ತೋರಿಸಿದ. ಭೂಗರ್ಭದ ಬೇಗೆಯಲ್ಲಿ ಮೊದಲು ಹರಳುಗಟ್ಟಿದ್ದು ಹೊರಗೆ ಬಂದಾಗ ಮೊದಲು ಕೆಡುತ್ತದೆ. ಕೊನೆಗೆ ಹರಳುಗಟ್ಟಿದ ಬೆಣಚು ಕೊನೆಯವರೆಗೂ ನಿಲ್ಲುತ್ತದೆ. ಹುಟ್ಟಿದ ಮನೆಗೂ ಬಂದುಸೇರಿದ ಮನೆಗೂ ಅಂತರ ಹೆಚ್ಚಾದಷ್ಟೂ ಬಾಳು ಕಷ್ಟವೆಂಬುದು ಕಲ್ಲಿಗೂ ತಪ್ಪಿದ್ದಲ್ಲ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಮಳೆಗೆ ಮೈಯೊಡ್ಡಿ ನಿಂತ ಕಲ್ಲು ಬೇಗ ಕೆಡಬೇಕು, ಮಣ್ಣಿನಲ್ಲಿ ಹುದುಗಿದ ಕಲ್ಲು ಭದ್ರವಾಗಿರಬೇಕು ಎಂದು ನಾವು ಭಾವಿಸುತ್ತೇವೆ. ನಡೆಯುವುದು ಇದಕ್ಕೆ ವಿಪರೀತ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯು ಸುಮಾರು 57 ಅಡಿ ಎತ್ತರ ಬಟ್ಟಬಯಲಿನಲ್ಲಿ ನಿಂತು 1,000 ವರ್ಷಗಳಿಗೆ ಮೇಲಾಯಿತು. ತುಟಿಯ ನಗೆಯೂ ಕೈಬೆರಳಿನ ಉಗುರೂ ಇನ್ನೂ ತಿದ್ದಿದಂತಿವೆ. ಅದೇ ಸೀಮೆಯಲ್ಲಿ ಬಾವಿ ತೋಡುವವರನ್ನು ಕೇಳಿದರೆ, ಮೇಲೆ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಲ್ಲಿನಂತೆ ಕಂಡರೂ ಹಾರೆಗೆ ಪುಡಿಯಾಗುವ ಕೊಳೆತ ಬಂಡೆ, ಆಮೇಲೆ ಗಟ್ಟಿಕಲ್ಲು ಎಂದು ಹೇಳುತ್ತಾರೆ. ಕಾರಣವಿಷ್ಟೆ: ಬಯಲಿನ ಕಲ್ಲಿನ ಮೇಲೆ ಬಿದ್ದ ಮಳೆ ಗಳಿಗೆಯಲ್ಲಿ ಹರಿದುಹೋಗಿ, ಬಿಸಿಲು ಬಂದೊಡನೆ ಮೈ ಒಣಗುತ್ತದೆ. ಮಣ್ಣಿನಡಿಯ ಕಲ್ಲಾದರೋ ಒದ್ದೆಬಟ್ಟೆ ಸುತ್ತಿದಂತೆ ತಿಂಗಳುಗಟ್ಟಲೆ ನೆನೆದಿರುತ್ತದೆ. ಅದಲ್ಲದೆ ಬೇರುಗಳೂ ಕೊಳೆಯುವ ಎಲೆಗಳೂ ಬಿಡುವ ಉಸಿರಿನಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲಾಮ್ಲ ವಾಯು ಹೊರಗಿನದಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿರುತ್ತದೆ. ನೀರಿನ ಹುಳಿಯೂ ಅಷ್ಟಕ್ಕಷ್ಟು ಹೆಚ್ಚುತ್ತದೆ. ಬರಿಯ ಬಂಡೆಯ ಮೇಲೆ ಈ ಕೆಲಸಕ್ಕೆ ಮೊದಲ ಕೈ ಹಾಕುವುದು, ನಾವು ಸಾರಿಗೂ ಸಾಗುವಿಗೂ ಹಾಕುವ ಕಲ್ಲುಹೂವಿನ ಜಾತಿಯ ಸಣ್ಣ ಜೀವಗಳು. ಅವು ಹುಳಿಯನ್ನು ಸೂಸಿ ಕಲ್ಲಿನ ಮೈಯನ್ನು ಮೃದುಗೊಳಿಸುತ್ತವೆ; ಆ ಹಿಡಿಮಣ್ಣಿನಲ್ಲಿ ಹುಲ್ಲು, ಹುಲ್ಲಿನ ಹಿಂದೆ ಪೊದೆ, ಪೊದೆಯ ಹಿಂದೆ ಮರ. ಮಣ್ಣು ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಬಂಡೀಪುರದ ಕಾಡಿನ ಮೂಲೆಹೊಳೆಯ ಬಳಿ ಭಾರತ ಮತ್ತು ಫ್ರಾನ್ಸ್ ದೇಶಗಳ ವಿಜ್ಞಾನಿಗಳು ಕೂಡಿ ನಡೆಸಿದ ಪರಿಶೋಧನೆಯಲ್ಲಿ, ಅಲ್ಲಿನ ನೈಸ್ ಶಿಲೆ ಸರಾಸರಿ ಸುಮಾರು 17 ಮೀಟರಿನಷ್ಟು ಆಳದವರೆಗೆ ಹೀಗೆ ಕೆಟ್ಟಿರುವುದು ತಿಳಿದುಬಂದಿದೆ. ಅದರಲ್ಲಿ ನಾವು ಮಣ್ಣೆಂದು ಕರೆಯುವ ಪದರ ಮೇಲಿನ ಎರಡು ಮೀಟರಿನಷ್ಟು ಮಾತ್ರ.

ಈ ಸೋಜಿಗವನ್ನು ತಿಳಿದರೆ ಹಂಪೆಯ ಒಗಟು ಬಿಡುತ್ತದೆ. ಅಲ್ಲಿ ಗುಂಡಿನ ಮೇಲೆ ಗುಂಡು ಯಾರೋ ಒಟ್ಟಿದಂತಿರುವುದನ್ನು ಕಂಡ ಜನ, ವಾಲಿಸುಗ್ರೀವರ ಕಾಳಗದಲ್ಲಿ ಕಪಿವೀರರು ಎಸೆದ ಬಂಡೆಗಳೆಂದು ಕಥೆ ಹೇಳುತ್ತಾರೆ. ಕಥೆ ರಮ್ಯವಾದದ್ದು; ಆದರೆ ಆ ಗುಂಡುಗಳನ್ನು ಯಾರೂ ತಂದು ಒಟ್ಟಲಿಲ್ಲ. ಅವು ಇದ್ದಲ್ಲಿಯೇ ಇವೆ; ಅವುಗಳ ನಡುವೆ ಇದ್ದ ಕಲ್ಲೇ ಹೋಗಿದೆ. ಕಣಶಿಲೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇರವಾದ ಬಿರುಕುಗಳಿದ್ದು, ಕಲ್ಲು ಇಟ್ಟಿಗೆಗಳಂತೆ ವಿಭಾಗವಾಗಿರುತ್ತದೆ. ನೆಲದಡಿಯಲ್ಲಿದ್ದಾಗ ನೀರು ಈ ಬಿರುಕುಗಳಲ್ಲಿ ಇಳಿದು ಪ್ರತಿಯೊಂದು ಇಟ್ಟಿಗೆಯನ್ನೂ ಸುತ್ತಲಿಂದ ತಿನ್ನತೊಡಗಿತು. ಮುಖವನ್ನು ಒಂದು ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುವುದರಿಂದ ಮೂಲೆ ಮೊದಲು ಸವೆಯುತ್ತದೆ. ಬಾಯಲ್ಲಿಟ್ಟ ಕಲ್ಲುಸಕ್ಕರೆ ಗುಂಡಾಗುವುದೂ ಹೀಗೆಯೇ. ಆಮೇಲೆ ಕಾಲಾಂತರದಲ್ಲಿ ಮಳೆಯೂ ಹೊಳೆಯೂ ಸುತ್ತಲಿನ ಗರಸನ್ನು ಕೊಚ್ಚಿಕೊಂಡು ಹೋದಾಗ, ಕೆಡದೆ ಉಳಿದ ನಡುಗಲ್ಲುಗಳು ಒಂದರ ಮೇಲೊಂದು ಕುಳಿತವು. ಇಂದು ನಾವು ಕಾಣುವ ಬೆಟ್ಟವು ಆ ಲೆಕ್ಕದಲ್ಲಿ ಬರಿಯ ಶೇಷ. ಮುಖ್ಯವಾದ ಕೆಲಸವೆಲ್ಲ ಕತ್ತಲಲ್ಲಿ, ನೆಲದ ಕೆಳಗೆ, ಮೊದಲೇ ಮುಗಿದಿತ್ತು. ಬಿರುಕು ಹೆಚ್ಚಿದಷ್ಟೂ ನೀರಿಗೆ ಅವಕಾಶ ಹೆಚ್ಚೆಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಅಡಿ ಉದ್ದಗಲ ಎತ್ತರದ ಕಲ್ಲಿಗೆ ಆರು ಚದರ ಅಡಿ ಹೊರಮೈ. ಅದನ್ನೇ ಒಂದು ಅಂಗುಲದ ತುಂಡುಗಳಾಗಿ ಮಾಡಿದರೆ ಹೊರಮೈ 72 ಚದರ ಅಡಿಯಾಗುತ್ತದೆ. ಕಲ್ಲು ಅದೇ, ನೀರಿಗೆ ಸಿಕ್ಕುವ ಮೈ ಹನ್ನೆರಡು ಪಟ್ಟು.

ಕಲ್ಲಿನ ಜಾತಿ ಬೇರೆಯಾದಂತೆ ಮಣ್ಣಿನ ಜಾತಿಯೂ ಬೇರೆಯಾಗುತ್ತದೆ. ಬಿಜಾಪುರದ ಕಡೆಯ ಎರೆಭೂಮಿ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಡಿದ ಜ್ವಾಲಾಮುಖಿಯ ಕರಿಯ ಕಲ್ಲು ಕೆಟ್ಟು ಆದದ್ದು. ಅದರಲ್ಲಿ ಬೆಣಚಿಲ್ಲವಾದಕಾರಣ ಆ ಮಣ್ಣಿನಲ್ಲಿ ಒರಟು ಮರಳು ಕಡಿಮೆ. ಜೇಡಿ ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಕರಾವಳಿಯಲ್ಲಿಯಾದರೋ ಮತ್ತೊಂದು ವಿಚಿತ್ರ. ಅಲ್ಲಿ ವರ್ಷಕ್ಕೆ 120 ಅಂಗುಲಕ್ಕೂ ಮೇಲ್ಪಟ್ಟು ಬೀಳುವ ಮಳೆಯು ಕಲ್ಲಿನಿಂದ ಪೊಟ್ಯಾಷ್, ಸುಣ್ಣಗಳನ್ನು ಮಾತ್ರವಲ್ಲದೆ ಮರಳಿನ ಮೂಲದ್ರವ್ಯವಾದ ಸಿಲಿಕವನ್ನೂ ತೊಳೆದು ಒಯ್ಯುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ತುಕ್ಕು. ಅದೇ ಜಂಬಿಟ್ಟಿಗೆ ಅಥವಾ ಮುರಕಲ್ಲು. ನೆಲದೊಳಗಿರುವಾಗ ಕಬ್ಬಿಣದ ಆಯುಧದಿಂದ ಕಡಿಯಬಹುದು. ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನ ಅಂಗಡಿಪುರದಲ್ಲಿ ಕಂಡು, ದೇಶಭಾಷೆಗಳಲ್ಲಿ ಇದಕ್ಕೆ ಇಟ್ಟಿಗೆಕಲ್ಲೆಂಬ ಹೆಸರಿರುವುದನ್ನು ಕೇಳಿ, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಲ್ಯಾಟರೈಟು ಎಂಬ ಪದವನ್ನು ಕಟ್ಟಿದ. 1807ರಲ್ಲಿ ಅವನ ಪುಸ್ತಕ ಅಚ್ಚಾದಮೇಲೆ ಆ ಪದ ಲೋಕದ ಭೂವಿಜ್ಞಾನವನ್ನೆಲ್ಲ ಸೇರಿತು. ಈ ಮುರಕಲ್ಲು ಮನೆಕಟ್ಟಲು ಬಲು ಒಳ್ಳೆಯದು. ಬೆಳೆ ತೆಗೆಯಲು ಬಲು ಬಡವ. ದಕ್ಷಿಣ ಕನ್ನಡದ ಪದವುಗಳಲ್ಲಿ ಮಳೆಗಾಲದ ಹುಲ್ಲಲ್ಲದೆ ಬೇರೇನೂ ಸುಲಭವಾಗಿ ಬೆಳೆಯುವುದಿಲ್ಲ. ಏಕೆಂದರೆ ಗಿಡಕ್ಕೆ ಬೇಕಾದುದನ್ನೆಲ್ಲ ನೀರು ಮೊದಲೇ ತೆಗೆದುಕೊಂಡು ಹೋಗಿದೆ.

ಇದರಿಂದ ನಾವು ಕಲಿಯತಕ್ಕ ಮುಖ್ಯ ಪಾಠ ಇಲ್ಲಿದೆ. ಗಟ್ಟಿಬಂಡೆಯಲ್ಲಿ ಗಿಡದ ಆಹಾರ ಬೇಕಾದಷ್ಟುಂಟು, ಆದರೆ ಬೀಗ ಹಾಕಿಟ್ಟಿದೆ. ಮುರಕಲ್ಲಿನಲ್ಲಿ ಬೀಗ ತೆಗೆದಿದೆ, ಭಂಡಾರ ಬರಿದಾಗಿದೆ. ಇವೆರಡರ ನಡುವೆ, ಬೀಗ ತೆರೆದಿದ್ದು ಭಂಡಾರ ಇನ್ನೂ ತೀರದಿರುವ ಒಂದು ಅವಸ್ಥೆಯುಂಟು. ಅದಕ್ಕೇ ಒಳ್ಳೆಯ ಮಣ್ಣೆಂದು ಹೆಸರು. ಮನುಷ್ಯನ ಅನ್ನವೆಲ್ಲ ಈ ನಡುವಣ ಅವಸ್ಥೆಯಲ್ಲಿ ನಿಂತಿದೆ. ಮೇಲಿನ ಮಣ್ಣು ಮೆಲ್ಲನೆ ಹೋಗುತ್ತ, ಕೆಳಗಿನ ಕಲ್ಲು ಅದೇ ವೇಗದಲ್ಲಿ ಮಣ್ಣಾಗುತ್ತ ಇದ್ದರೆ ಭೂಮಿ ಎಂದಿಗೂ ಬಡವಾಗುವುದಿಲ್ಲ. ಪ್ರಕೃತಿಯು ಹುಲ್ಲನ್ನೂ ಕಾಡನ್ನೂ ಹೊದಿಸಿ ಕಾಪಾಡಿಕೊಂಡು ಬಂದ ಸಮತೂಕ ಇದೇ.

ಆ ಸಮತೂಕ ಈಗ ಹೇಗಿದೆ? ಗಟ್ಟಿಬಂಡೆಯಿಂದ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷಗಳು ಬೇಕು. ಮಣ್ಣು ಕೊಚ್ಚಿಹೋಗುವ ಲೆಕ್ಕವನ್ನು ನಮ್ಮ ದೇಶದ ವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದರು. ಇಡೀ ಭಾರತದ ಸರಾಸರಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ 16 ಟನ್ನಿಗಿಂತ ತುಸು ಹೆಚ್ಚಾಗಿ ಮಣ್ಣು ಸ್ಥಳ ಬಿಡುತ್ತದೆಂದು ಅವರು ಕಂಡರು. ಇದನ್ನು ನೆಲದ ಮೇಲೆ ಹರಡಿದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಈ ಪ್ರಮಾಣದಲ್ಲಿ ಒಂದು ಅಂಗುಲ ಹೋಗಲು ಸುಮಾರು 20 ವರ್ಷ ಸಾಕು. ಹಾಗೆ ಹೊರಟ ಮಣ್ಣಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಜಲಾಶಯಗಳಲ್ಲಿ ನಿಲ್ಲುತ್ತದೆ. ನೂರಕ್ಕೆ ಇಪ್ಪತ್ತೊಂಬತ್ತು ಪಾಲು ಸಮುದ್ರ ಸೇರಿ ಮತ್ತೆ ಬಾರದೆ ಹೋಗುತ್ತದೆ. ಉಳಿದದ್ದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ. ತಾತ ಪಡೆದ ಹೊಲದ ಮಣ್ಣನ್ನು ಮೊಮ್ಮಗನು ಅದೇ ಆಳದಲ್ಲಿ ಕಾಣುವುದಿಲ್ಲವೆಂದಾಯಿತು.

ಹಂಪೆಯ ಗುಂಡುಗಳಿಗೆ ಸಮೀಪದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲಿಸಿದಾಗ ಅದು 133 ಶತಕೋಟಿ ಘನ ಅಡಿ ನೀರು ಹಿಡಿಯಬೇಕೆಂದು ಅಂದಾಜಾಗಿತ್ತು. ಹೂಳು ತುಂಬಿದ ಕಾರಣ ಈಗ ಅದರಲ್ಲಿ ಐದನೆಯ ಒಂದು ಪಾಲಿನಷ್ಟು ಜಾಗ ನೀರಿಗಿಲ್ಲ. ಆ ಹೂಳು ಮತ್ತೇನೂ ಅಲ್ಲ; ಮಲೆನಾಡಿನಿಂದ ಬಯಲುಸೀಮೆಯವರೆಗೆ ಸಾವಿರಾರು ವರ್ಷ ನೆನೆದು, ಹಣ್ಣಾಗಿ, ಮಣ್ಣಾಗಿದ್ದ ಕಲ್ಲು. ಹೊಲಕ್ಕೆ ಅದು ನಷ್ಟ, ನೀರಿಗೂ ಅದು ನಷ್ಟ. ಒಂದೇ ವಸ್ತು ಇರಬೇಕಾದ ಸ್ಥಳ ಬಿಟ್ಟು ಇರಬಾರದ ಸ್ಥಳಕ್ಕೆ ಬಂದುದರಿಂದ ಎರಡು ಕಡೆಯೂ ಕೇಡಾಯಿತು.

ನಮ್ಮ ಹಿರಿಯರು ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆಯದೆ ಹೋದರೂ ಕೈಯಲ್ಲಿ ನಡೆಸುತ್ತಿದ್ದರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡುಮಣ್ಣನ್ನು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಒಯ್ದುದನ್ನು ಮನುಷ್ಯ ಮರಳಿ ತರುವ ಈ ಪದ್ಧತಿಯಿಂದ ಕೆರೆಗೆ ಆಳವೂ ಹೊಲಕ್ಕೆ ಸಾರವೂ ಏಕಕಾಲದಲ್ಲಿ ದೊರೆಯುತ್ತಿದ್ದವು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದು, ಉಳುವಾಗ ಇಳಿಜಾರಿನ ಉದ್ದಕ್ಕೆ ಉಳದೆ ಅಡ್ಡಕ್ಕೆ ಉಳುವುದು, ಗುಡ್ಡದ ನೆತ್ತಿಯ ಪೊದೆಗಳನ್ನು ಕಡಿಯದಿರುವುದು, ಇವೆಲ್ಲ ಅದೇ ವಿವೇಕದ ಬೇರೆಬೇರೆ ಮುಖಗಳು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರವಾಗಲಿ ಹೊಸ ಶಾಸ್ತ್ರವಾಗಲಿ ಬೇಕಿಲ್ಲ. ಕೆಲಸವನ್ನು ಪ್ರತಿವರ್ಷವೂ ಬಿಡದೆ ಮಾಡಬೇಕು, ಅಷ್ಟೆ.

ಪಟ್ಟಣವಾಸಿಗಳಾದ ನಮಗೂ ಮಣ್ಣಿಗೂ ಏನು ಸಂಬಂಧವೆಂದು ಕೇಳುವವರುಂಟು. ಮನೆ ಕಟ್ಟುವಾಗ ಪಾಯಕ್ಕೆಂದು ತೋಡಿ ಬೀದಿಯಲ್ಲಿ ಸುರಿದ ಮಣ್ಣು, ಮುಂಗಾರಿನ ಮೊದಲ ಮಳೆಗೆ ಚರಂಡಿ ಸೇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕೆಂಪುನೀರು ಹೊಲಸೆಂದು ಪಂಚೆ ಎತ್ತಿಕೊಂಡು ದಾಟುತ್ತೇವೆ. ಮುಂದಿನ ಮಳೆಗಾಲದಲ್ಲಿ ದಾಟುವಾಗ ಒಂದು ಕ್ಷಣ ನಿಂತು ಲೆಕ್ಕ ಹಾಕಿದರೆ ಒಳ್ಳೆಯದು. ಲಾಲ್‌ಬಾಗಿನ ಬಂಡೆಯ ಜಾತಿಯ ಕಲ್ಲು ಆ ಬಣ್ಣಕ್ಕೆ ಬರಲು ಎಷ್ಟು ತಲೆಮಾರುಗಳ ಮಳೆ ಸುರಿದಿರಬೇಕು. ಅದು ಬೀದಿ ದಾಟಿ ಮೋರಿ ಸೇರಲು ಎಷ್ಟು ನಿಮಿಷ ಬೇಕಾಯಿತು. ತೋಡಿದ ಮಣ್ಣಿಗೆ ಒಂದು ಸುತ್ತು ಕಲ್ಲಿಟ್ಟು ತಡೆದು, ಮನೆ ಮುಗಿದಮೇಲೆ ಅದನ್ನು ಹಿತ್ತಲಿಗೆ ಹರಡಿದರೆ ಅಲ್ಲಿ ನಾಲ್ಕು ಗಿಡ ಬೆಳೆದಾವು.